ತೊಂಬತ್ತೊಂಬತ್ತು ಪಾಯಿಂಟ್ ಎಂಟು

ನಮ್ಮ ಮನೆಯಲ್ಲಿ ಯಾವುದನ್ನೂ ಬಿಸಾಡುವುದಿಲ್ಲ. ಕೆಟ್ಟ ಇಸ್ತ್ರಿಪೆಟ್ಟಿಗೆ, ತಿರುಗದ ಫ್ಯಾನು, ಗೊರಗೊರ ಅನ್ನುವ ರೇಡಿಯೊ, ಎಲ್ಲವೂ ಮುಂದಿನ ಕೋಣೆಯ ಮೇಜಿಗೆ ಬರುತ್ತವೆ. ಅದೇ ನಮ್ಮವರ ಅಂಗಡಿ. ಬೀದಿಯವರು ಅವರನ್ನು ಸೋಲ್ಡರ್ ತಾತ ಎಂದು ಕರೆಯುತ್ತಾರೆ. "ಕೆಟ್ಟಿದ್ದು ಅನ್ನೋ ವಸ್ತುವೇ ಇಲ್ಲ ಕಣೇ, ಬಿಚ್ಚಿ ನೋಡದ ವಸ್ತು ಇರುತ್ತೆ ಅಷ್ಟೆ" ಎಂದು ನಲವತ್ತೆರಡು ವರ್ಷದಿಂದ ಹೇಳುತ್ತಿದ್ದಾರೆ. ನನ್ನ ಬಾಯೊಂದನ್ನು ಮಾತ್ರ ಅವರಿಂದ ರಿಪೇರಿ ಮಾಡಲಿಕ್ಕಾಗಲಿಲ್ಲ.

ಮಗ ಟೈಲ್ಸ್ ಕೂರಿಸುವ ಕೆಲಸದವನು. ಸೊಸೆ ಬಸ್ ಕಂಡಕ್ಟರ್. ಅವರಿಗೆ ಒಂದೇ ಮಗು, ಆರು ವರ್ಷದ ಹುಡುಗಿ. ಹೆಜ್ಜೆ ಇಡಲು ಕಲಿತ ದಿನದಿಂದ ಒಂದು ಕಡೆ ಕೂತವಳಲ್ಲ, ಅದಕ್ಕೇ ತರಲೆ ಎಂದು ಹೆಸರು ಬಿತ್ತು. ಹೋದ ವರ್ಷ ತರಲೆ ಕೂತುಬಿಟ್ಟಳು. ಆಟಕ್ಕೆ ಕರೆದರೆ ಬೇಡ, ಊಟಕ್ಕೆ ಕರೆದರೆ ಬೇಡ, ಮೈಮೇಲೆಲ್ಲ ನೀಲಿ ಕಲೆ. ರಕ್ತದ ಕ್ಯಾನ್ಸರ್ ಎಂದರು. ವಾಸಿಯಾಗುವ ಜಾತಿಯದು, ಆದರೆ ಎರಡು ವರ್ಷಕ್ಕೂ ಹೆಚ್ಚು ಔಷಧಿ ನಡೆಯಬೇಕು ಎಂದರು. ಔಷಧಿ ಹೋಗಲೆಂದು ಎದೆಗೆ ಒಂದು ಸಣ್ಣ ನಳಿಗೆ ಹಾಕಿದರು.

ದೊಡ್ಡ ಡಾಕ್ಟರಮ್ಮ ನಮ್ಮನ್ನೆಲ್ಲ ಕೂರಿಸಿಕೊಂಡು ಬಿಡಿಸಿ ಹೇಳಿದ್ದರು. "ನಾವು ಕೊಡೋ ಔಷಧಿ ಕಾಯಿಲೆನ ಹೊಡೆಯೋ ಜೊತೆಗೆ ಮೈಯನ್ನ ಕಾಯೋ ಶಕ್ತಿನೂ ಹೊಡೆದು ಹಾಕುತ್ತೆ. ನಿಮಗೆ ಬಂದು ಹೋಗೋ ನೆಗಡಿ ಈ ಮಗೂಗೆ ಪ್ರಾಣಕ್ಕೆ ಬರಬಹುದು. ನೂರು ಪಾಯಿಂಟ್ ನಾಲ್ಕು ಮುಟ್ಟಿದ್ರೆ ಜ್ವರದ ಸಿರಪ್ ಕೊಟ್ಟು ಕಾಯ್ತಾ ಕೂರಬೇಡಿ. ಒಂದು ಗಂಟೆಯೊಳಗೆ ಇಲ್ಲಿರಬೇಕು. ನೆನಪಿರಲಿ, ಒಂದು ಗಂಟೆ."

ಮನೆಗೆ ಬಂದಮೇಲೆ ಶುಚಿಯ ಯಜಮಾನಿಕೆಯನ್ನು ನಾನು ವಹಿಸಿಕೊಂಡೆ. ಯಾರೂ ಕೊಡಲಿಲ್ಲ, ನಾನೇ ಕಿತ್ತುಕೊಂಡೆ. ಕುದಿಸಿ ಆರಿಸಿದ ನೀರು, ಬಿಸಿಬಿಸಿ ಊಟ, ಸಿಪ್ಪೆ ತೆಗೆದ ಹಣ್ಣು, ಮಗುವಿಗೇ ಬೇರೆ ತಟ್ಟೆ, ಬೇರೆ ಟವೆಲು. ಕೈ ತೊಳೆಯದೆ ಹೊಸ್ತಿಲು ದಾಟಿದವರಿಗೆ ನನ್ನ ಬಾಯಿಂದಲೇ ಮಂಗಳಾರತಿ. ಎಲ್ಲರಿಗಿಂತ ಹೆಚ್ಚು ಸಿಕ್ಕಿಬೀಳುತ್ತಿದ್ದವಳು ಸೊಸೆ.

"ಅತ್ತೆ, ಮಗೂನ ಒಂದ್ಸಲ ನೋಡ್ಕೊಂಡು ಸ್ನಾನಕ್ಕೆ ಹೋಗ್ತೀನಿ."

"ದೂರದಿಂದ ನೋಡು. ಊರವರ ಕೆಮ್ಮೆಲ್ಲ ನಿನ್ನ ಅಂಗಿ ಮೇಲಿದೆ."

"ಅಂಗಿ ಅಲ್ಲ ಅತ್ತೆ, ಯೂನಿಫಾರ್ಮು."

"ಯೂನಿಫಾರ್ಮು ಅಂದ್ರೆ ಕೆಮ್ಮು ಸೆಲ್ಯೂಟ್ ಹೊಡೆದು ಇಳಿದುಹೋಗುತ್ತಾ?"

ಅವಳು ನಗುತ್ತಿದ್ದಳು. ಹಿಂದಿನ ಬಾಗಿಲಿನಿಂದ ಬಂದು, ಬಟ್ಟೆ ನೆನೆಹಾಕಿ, ತಲೆಗೂ ನೀರು ಹಾಕಿಕೊಂಡು, ಆಮೇಲೇ ಮಗುವನ್ನು ಮುಟ್ಟುತ್ತಿದ್ದಳು. ಒಂದು ದಿನವೂ ತಪ್ಪಿಸಲಿಲ್ಲ. ಆದರೂ ಒಮ್ಮೆ ಅವಳು ಕುದಿಸಿದ ನೀರಿನ ಪಾತ್ರೆಗೆ ಮುಚ್ಚಳ ಮರೆತಳೆಂದು ನಾನು ಬೀದಿಗೆ ಕೇಳುವಷ್ಟು ಕೂಗಾಡಿದೆ. "ನಿನ್ನ ಟಿಕೆಟ್ ಹರಿಯೋ ಕೆಲಸದಷ್ಟು ಸುಲಭ ಅಲ್ಲಮ್ಮ ಇದು" ಎಂದೆ. ಪಕ್ಕದ ಮನೆಯವಳು ಕಿಟಕಿಯಿಂದ ಇಣುಕಿದಳು. ಸೊಸೆ ಆ ನೀರನ್ನು ಚೆಲ್ಲಿ ಬೇರೆ ಕುದಿಯಲಿಟ್ಟಳು.

ಅದಾಗಿ ಐದು ದಿನಕ್ಕೆ, ಸೋಮವಾರ ಬೆಳಿಗ್ಗೆ, ಮಗುವಿನ ಚಮಚ, ಔಷಧಿ ಅಳೆಯುವ ಲೋಟ, ಮಾತ್ರೆ ಪುಡಿಮಾಡುವ ಬಟ್ಟಲು ಎಲ್ಲವನ್ನೂ ಒಂದು ಪಾತ್ರೆಗೆ ಹಾಕಿ ಕುದಿಯುವ ನೀರು ಸುರಿದೆ. ಥರ್ಮಾಮೀಟರೂ ಕಣ್ಣಿಗೆ ಬಿತ್ತು. ದಿನಕ್ಕೆ ಮೂರು ಸಲ ಮಗುವಿನ ಕಂಕುಳಿಗೆ ಹೋಗುವ ವಸ್ತು, ಇದನ್ನು ಯಾರೂ ಬಿಸಿನೀರಿಗೆ ಹಾಕಿಯೇ ಇಲ್ಲವಲ್ಲ ಎಂದುಕೊಂಡು ಅದನ್ನೂ ಎಸೆದೆ. ಹತ್ತು ನಿಮಿಷದ ಮೇಲೆ ತೆಗೆದರೆ ಅಂಕಿ ಮೂಡುವ ಕಿಟಕಿಯೊಳಗೆ ನೀರು. ಗುಂಡಿ ಒತ್ತಿದೆ. ಉಸಿರಿಲ್ಲ.

ಮೂಲೆಯ ಔಷಧಿ ಅಂಗಡಿಯಲ್ಲಿ ಅಂಥದ್ದೇ ಸಿಗುತ್ತದೆ. ದುಬಾರಿಯೂ ಅಲ್ಲ. ಆದರೆ ತಂದರೆ ಸೊಸೆಗೆ ಗೊತ್ತಾಗುತ್ತದೆ. ಮುಚ್ಚಳ ಮರೆತದ್ದಕ್ಕೆ ಬೀದಿ ಒಂದು ಮಾಡಿದ ಮುದುಕಿ ಜ್ವರ ನೋಡುವ ಯಂತ್ರವನ್ನೇ ಬೇಯಿಸಿದಳು ಎಂದು ಅವಳು ಬಾಯಿಬಿಟ್ಟು ಹೇಳುವವಳಲ್ಲ. ಮನಸ್ಸಿನಲ್ಲಾದರೂ ಅಂದುಕೊಳ್ಳುತ್ತಾಳಲ್ಲ, ಅದನ್ನು ತಡೆಯಲು ನನ್ನಿಂದ ಆಗಲಿಲ್ಲ.

"ರೀ, ಇದನ್ನ ಸ್ವಲ್ಪ ನೋಡಿ" ಎಂದು ಮೇಜಿನ ಮೇಲಿಟ್ಟೆ. "ಅವಳು ಎರಡು ಗಂಟೆಗೆ ಬರ್ತಾಳೆ. ಅಷ್ಟರೊಳಗೆ ಆಗಬೇಕು."

"ಏನು ಮಾಡಿದೆ ಇದಕ್ಕೆ?"

"ಸ್ನಾನ ಮಾಡಿಸಿದೆ."

ಅವರು ನಕ್ಕರು. ಬಿಚ್ಚಿದರು, ಬಿಸಿಗಾಳಿ ಹಿಡಿದು ಒಣಗಿಸಿದರು, ತುದಿಯಿಂದ ಬರುವ ಕೂದಲಿನಷ್ಟು ಸಣ್ಣ ತಂತಿಯೊಂದು ಬಿಟ್ಟುಕೊಂಡಿತ್ತು, ಭೂತಕನ್ನಡಿ ಹಿಡಿದು ಬೆಸೆದರು. ಗುಂಡಿ ಒತ್ತಿದರೆ ಕುಂಯ್ ಎಂದಿತು. ತಮ್ಮ ಕಂಕುಳಲ್ಲೇ ಇಟ್ಟುಕೊಂಡು ನೋಡಿದರು. ತೊಂಬತ್ತಾರು ಚಿಲ್ಲರೆ ತೋರಿಸಿತು.

"ಕಮ್ಮಿ ಅಲ್ವೇನ್ರೀ?"

"ಮುದುಕರ ಮೈ ತಣ್ಣಗೇ ಇರುತ್ತೆ ಕಣೇ. ಬಿಸಿ ಇರಬೇಕಾದ ವಯಸ್ಸಾ ನಂದು?"

ಇಬ್ಬರೂ ನಕ್ಕೆವು. ನಾನು ಅದನ್ನು ಒರೆಸಿ ಡಬ್ಬಿಗೆ ಹಾಕಿಟ್ಟೆ.

ಗುರುವಾರ ಮಧ್ಯಾಹ್ನ ಸೊಸೆ ಡ್ಯೂಟಿ ಮುಗಿಸಿ ಬಂದು ಸ್ನಾನ ಮಾಡಿ ಮಗುವಿನ ಪಕ್ಕ ಕೂತಳು. ತರಲೆ ಗಂಜಿಯನ್ನು ಅರ್ಧಕ್ಕೇ ಬಿಟ್ಟು ಮಲಗಿದ್ದಳು.

"ಅತ್ತೆ, ಮೈ ಬಿಸಿ ಅನ್ಸುತ್ತೆ." ಥರ್ಮಾಮೀಟರ್ ಇಟ್ಟಳು. ತೊಂಬತ್ತೊಂಬತ್ತು ಪಾಯಿಂಟ್ ಎರಡು. ಗಂಟೆ ಬಿಟ್ಟು ಮತ್ತೆ ಇಟ್ಟಳು. ಪಾಯಿಂಟ್ ಆರು. ನಾಲ್ಕೂವರೆಗೆ ತೊಂಬತ್ತೊಂಬತ್ತು ಪಾಯಿಂಟ್ ಎಂಟು.

"ಇನ್ನೂ ನೂರು ಆಗಿಲ್ಲ" ಎಂದಳು. "ಆದ್ರೂ ಕೈಗೆ ಜಾಸ್ತಿ ಸುಡ್ತಿದೆ ಅತ್ತೆ. ನೀವೊಂದ್ಸಲ ಮುಟ್ಟಿ ನೋಡಿ."

ಮುಟ್ಟಿದೆ. ಎರಡು ಮಕ್ಕಳನ್ನು ಹೆತ್ತು, ಒಂದನ್ನು ಮಣ್ಣಿಗಿಟ್ಟವಳು ನಾನು. ಜ್ವರ ನನ್ನ ಅಂಗೈಗೆ ಹೊಸದಲ್ಲ. ಆಗಲೇ, ಆ ನಿಮಿಷವೇ, ಹೇಳಬೇಕಿತ್ತು. "ಹೊದ್ದು ಮಲಗಿದೆಯಲ್ಲ, ಬೆಚ್ಚಗೇ ಇರುತ್ತೆ. ಯಂತ್ರ ಸುಳ್ಳು ಹೇಳುತ್ತಾ?" ಎಂದೆ.

ಆರು ಗಂಟೆಗೆ ಮಗು ಗಡಗಡ ನಡುಗತೊಡಗಿತು. ತುಟಿ ನೀಲಿ. ಸೊಸೆ ಅದನ್ನು ಬಾಚಿಕೊಂಡು ಬರಿಗಾಲಲ್ಲಿ ಓಡಿದಳು. ಆಟೋ ಹಿಡಿದು ಹೋದೆವು. ಆಸ್ಪತ್ರೆಯ ಥರ್ಮಾಮೀಟರು ನೂರಾ ಮೂರು ತೋರಿಸಿತು.

"ಯಾವಾಗಿಂದ ಜ್ವರ?" ಸಿಸ್ಟರ್ ಕೇಳಿದರು.

"ಜ್ವರ ಇರಲಿಲ್ಲ ಸಿಸ್ಟರ್. ನಾಲ್ಕೂವರೆಗೆ ನೋಡಿದೆ, ತೊಂಬತ್ತೊಂಬತ್ತು ಪಾಯಿಂಟ್ ಎಂಟಿತ್ತು."

"ಇಷ್ಟು ನಡುಗ್ತಿರೋ ಮಗೂಗಾ? ಕಂಕುಳಲ್ಲಿ ಸರಿಯಾಗಿ ಒತ್ತಿ ಹಿಡಿದಿರಲ್ಲ ಬಿಡಿ. ಎಷ್ಟು ಸಲ ಹೇಳಿಕೊಟ್ಟಿದ್ದೀವಿ!"

ಸೊಸೆ ತನ್ನ ಬಲಗೈಯನ್ನೇ ನೋಡಿಕೊಂಡಳು. "ಹಿಡಿದಿದ್ದೆ" ಎಂದಳು. ಮತ್ತೆ, "ಹಿಡಿದಿದ್ದೆ ಅಂದ್ಕೊಂಡೆ" ಎಂದಳು.

ನಳಿಗೆಯಿಂದ ಹತ್ತಿದ ಸೋಂಕು ರಕ್ತಕ್ಕೆ ಇಳಿದಿದೆ ಎಂದರು. ಮಗುವಿನ ರಕ್ತದೊತ್ತಡ ಕುಸಿಯುತ್ತಿತ್ತು. ಗಾಜಿನ ಬಾಗಿಲಿನಾಚೆ ಒಯ್ದರು. ಎರಡು ಗಂಟೆ ಮೊದಲು ತಂದಿದ್ದರೆ ಇಷ್ಟಾಗುತ್ತಿರಲಿಲ್ಲ ಎಂದು ಡಾಕ್ಟರಮ್ಮ ಬೈಯದೆ ಮೆತ್ತಗೆ ಹೇಳಿದರು. ಬೈದಿದ್ದರೇ ವಾಸಿಯಿತ್ತು.

ಮಗ ಕೆಲಸದ ಬಟ್ಟೆಯಲ್ಲೇ, ಮೊಣಕಾಲಿನವರೆಗೆ ಸಿಮೆಂಟು ಮೆತ್ತಿಕೊಂಡು ಬಂದ. ಒಳಗೆ ಬಿಡಲಿಲ್ಲ. ಆಸ್ಪತ್ರೆಯ ಮೆಟ್ಟಿಲ ಮೇಲೆ ನಿಂತು ಹೆಂಡತಿಯ ಮೇಲೆ ಹರಿಹಾಯ್ದ.

"ಇಡೀ ಮಧ್ಯಾಹ್ನ ಪಕ್ಕದಲ್ಲೇ ಕೂತು ಏನು ನೋಡ್ತಿದ್ದೆ? ಒಂದು ಕಡ್ಡಿ ಹಿಡಿಯೋಕೆ ಬರಲ್ವಾ ನಿಂಗೆ?"

"ಮೂರು ಮೂರು ಸಲ ನೋಡ್ದೆ ಕಣ್ರೀ..."

"ನೋಡಿದ್ರೆ ನೂರಾ ಮೂರು ಹೆಂಗಾಗುತ್ತೆ? ಮನಸ್ಸೆಲ್ಲ ಆ ಬಸ್ಸಲ್ಲೇ ಇರುತ್ತೆ ನಿಂಗೆ. ಬಿಟ್ಟು ಬಿಸಾಕು ಆ ಕೆಲಸ!"

ಅವಳು ನನ್ನ ಕಡೆ ನೋಡಿದಳು. ಅತ್ತೆ ಪಕ್ಕದಲ್ಲೇ ಇದ್ದರಲ್ಲ, ಎರಡು ಮಾತು ಹೇಳಿಯಾರು ಎಂಬ ಆಸೆ ಆ ಕಣ್ಣಲ್ಲಿತ್ತು. ನಾನು ಎರಡು ಮಾತು ಹೇಳಿದೆ.

"ಹೆತ್ತ ತಾಯಿಗೆ ಮಗುವಿನ ಮೈ ಸುಡೋದು ತಿಳಿಯಲ್ಲ ಅಂದ್ರೆ ಇನ್ನೇನು ಹೇಳೋದಪ್ಪ" ಎಂದೆ.

ಈ ನಾಲಿಗೆಗೆ ಬರೆ ಹಾಕಬೇಕಿತ್ತು. ಅವಳು ತಲೆ ತಗ್ಗಿಸಿದಳು.

ಮನೆಗೆ ಬಂದಾಗ ನಮ್ಮವರು ಮೇಜಿನ ಮುಂದೆ ಸುಮ್ಮನೆ ಕೂತಿದ್ದರು. ಎದುರಿಗೆ ಯಾರದೋ ಮಿಕ್ಸಿ ಹೊಟ್ಟೆ ಬಿಚ್ಚಿಕೊಂಡು ಬಿದ್ದಿತ್ತು.

"ಎಷ್ಟಿತ್ತು ಅಲ್ಲಿ?"

"ನೂರಾ ಮೂರು."

"ಇಲ್ಲಿ?"

ಹೇಳಿದೆ. ಅವರು ಕನ್ನಡಕ ತೆಗೆದಿಟ್ಟು ಮುಖ ಒರೆಸಿಕೊಂಡರು. "ಬೆಸುಗೆ ಸರಿ ಕೂತಿಲ್ಲ. ಎರಡು ಡಿಗ್ರಿ ಹತ್ತತ್ರ ನುಂಗ್ತಿದೆ. ನಡಿ, ಹೇಳಿಬಿಡೋಣ."

"ಈಗಲಾ? ಮಗ ನಮ್ಮ ಮುಖಕ್ಕೆ ಉಗೀತಾನೆ. ಮೊದಲು ಮಗು ಸರಿ ಹೋಗಲಿ."

"ಬೈಸ್ಕೊಳ್ತಿರೋದು ಆ ಹುಡುಗಿ ಕಣೇ."

"ಬೈಗುಳಕ್ಕೇನು, ಇವತ್ತು ತಿಂದು ನಾಳೆ ಮರೀತಾಳೆ. ಸುಮ್ನಿರಿ."

ಅವರು ಸುಮ್ಮನಾದರು. ನಲವತ್ತೆರಡು ವರ್ಷದಲ್ಲಿ ನಾನು ಸುಮ್ಮನಿರಿ ಎಂದಾಗ ಸುಮ್ಮನಿದ್ದೇ ಅವರಿಗೆ ಅಭ್ಯಾಸ.

ಹನ್ನೆರಡು ದಿನ ನಾನು ಎರಡು ಹೊತ್ತೂ ಊಟ ಕಟ್ಟಿಕೊಂಡು ಆಸ್ಪತ್ರೆಗೆ ಹೋದೆ. ಐದನೆಯ ದಿನ ಮಗು ಕಣ್ಣು ಬಿಟ್ಟು ನೀರು ಕೇಳಿತು. ಹಳೆಯ ನಳಿಗೆ ತೆಗೆದು ಬೇರೆ ಹಾಕಿದರು. ಆ ದಿನಗಳಲ್ಲಿ ಒಮ್ಮೆ ನಾನು ಹೋದಾಗ ಚಿಕ್ಕ ವಯಸ್ಸಿನ ಸಿಸ್ಟರೊಬ್ಬಳು ಸೊಸೆಗೆ ಪಾಠ ಹೇಳುತ್ತಿದ್ದಳು. ವಾರ್ಡಿನ ಥರ್ಮಾಮೀಟರನ್ನು ಅವಳ ಕೈಗೆ ಕೊಟ್ಟು, "ಹಿಂಗಲ್ಲ ಅಕ್ಕ, ತುದಿ ಒಳಗೆ ಕೂರಬೇಕು, ತೋಳು ಅಲ್ಲಾಡಬಾರದು. ಎಲ್ಲಿ, ಇನ್ನೊಂದ್ಸಲ" ಎನ್ನುತ್ತಿದ್ದಳು. ನಿಲ್ಲಲು ಜಾಗವಿಲ್ಲದ ಬಸ್ಸಿನಲ್ಲಿ ಅರವತ್ತು ಜನರ ನಡುವೆ ನುಸುಳಿ ಒಂದು ಟಿಕೆಟ್ಟೂ ತಪ್ಪದೆ ಕೊಡುವ ಹೆಂಗಸು, ಒಂದನೇ ಕ್ಲಾಸಿನ ಮಗುವಿನಂತೆ ತಲೆಯಾಡಿಸುತ್ತ ಮತ್ತೆ ಮತ್ತೆ ಇಟ್ಟು ತೋರಿಸುತ್ತಿದ್ದಳು. ನಾನು ಊಟದ ಡಬ್ಬಿ ಬೆಂಚಿನ ಮೇಲಿಟ್ಟು ಹೊರಗೆ ಬಂದುಬಿಟ್ಟೆ.

ನಮ್ಮವರು ಔಷಧಿ ಅಂಗಡಿಗೆ ಹೋಗಿ ಅಂಥದ್ದೇ ಹೊಸ ಥರ್ಮಾಮೀಟರ್ ತಂದರು. ಗುಟ್ಟಾಗಿ ಬದಲಾಯಿಸಿಬಿಡುವುದು, ಆಮೇಲೆ ನೆಮ್ಮದಿಯಾಗಿ ಹೇಳುವುದೋ ಬಿಡುವುದೋ ನೋಡುವುದು ಎಂದು ನನ್ನ ಲೆಕ್ಕಾಚಾರ. ಆದರೆ ಮಗು ಮನೆಗೆ ಬಂದ ದಿನ ನೋಡಿದರೆ, ಸೊಸೆ ಹಳೆಯ ಥರ್ಮಾಮೀಟರನ್ನು ಕಂಡಕ್ಟರ್ ಸೀಟಿಯ ದಾರಕ್ಕೆ ಕಟ್ಟಿ ಕೊರಳಿಗೆ ಹಾಕಿಕೊಂಡಿದ್ದಳು. ಸ್ನಾನಕ್ಕೆ ಹೋದರೂ ಅದು ಕೊರಳಲ್ಲೇ. ಮಲಗಿದರೂ ಕೊರಳಲ್ಲೇ.

"ಕೊಡಮ್ಮ, ಬ್ಯಾಟರಿ ಒಂಚೂರು ನೋಡ್ತೀನಿ" ಎಂದು ನಮ್ಮವರು ಕೈಚಾಚಿದರು.

"ಬೇಡ ಮಾವ, ಹೊಸದೇ ಹಾಕಿಸಿದ್ದೀನಿ."

"ಸ್ವಲ್ಪ ಒರೆಸಿ ಕೊಡ್ತೀನಿ ತಾ" ಎಂದು ನಾನು ಹೋದೆ.

"ಈಗ ತಾನೇ ಒರೆಸ್ದೆ ಅತ್ತೆ."

ಅರವತ್ತೈದು ದಾಟಿದ ಗಂಡ ಹೆಂಡತಿ ಸೊಸೆಯ ಕೊರಳಿಗೆ ಹೊಂಚು ಹಾಕುವ ಚಂದ ನೋಡಬೇಕಿತ್ತು. ನಗು ಬರುವ ವಿಷಯವೇ. ನಮಗೆ ಬರಲಿಲ್ಲ.

ಅವಳು ರಜೆ ಹಾಕಿದ್ದಳು. ಮಗ ಪ್ರತಿ ಊಟಕ್ಕೂ ಅದೇ ಮಾತು ತೆಗೆಯುತ್ತಿದ್ದ. "ಸೋಮವಾರ ಡಿಪೋಗೆ ಹೋಗಿ ರಾಜೀನಾಮೆ ಕೊಟ್ಟು ಬಾ."

"ಬರೆದಿಟ್ಟಿದ್ದೀನಿ" ಎಂದಳು ಅವಳು, ತಟ್ಟೆಯಿಂದ ಕಣ್ಣೆತ್ತದೆ. ಹನ್ನೊಂದು ವರ್ಷದ ಕೆಲಸ. ಬೇಕೆಂದು ಹಟ ಹಿಡಿದು ಸೇರಿದ್ದಳು.

"ಯಾಕೋ, ಅವಳೇ ಯಾಕೆ ಬಿಡಬೇಕು?" ಎಂದರು ನಮ್ಮವರು.

"ನೀವು ಸುಮ್ನಿರಿ ಅಪ್ಪ. ಮಗೂನ ಸಾಯಿಸ್ತಿದ್ದಳು."

ನಮ್ಮವರು ನನ್ನನ್ನು ನೋಡಿದರು. ನಾನು ಮಗನ ತಟ್ಟೆಗೆ ಪಲ್ಯ ಬಡಿಸಿದೆ.

ಅದಕ್ಕಿಂತ ಕೆಟ್ಟದ್ದು ಇನ್ನೊಂದಿತ್ತು. ಸೊಸೆ ತನ್ನ ಕೈಯನ್ನು ನಂಬುವುದನ್ನೇ ಬಿಟ್ಟಿದ್ದಳು. ಮಾತ್ರೆ ಎಣಿಸಿದರೆ ಮೂರು ಸಲ, ಉಪ್ಪು ಹಾಕಿದರೆ ರುಚಿ ನೋಡಿ ಎಂದು ನನಗೆ. ಗಂಟೆಗೊಮ್ಮೆ ಥರ್ಮಾಮೀಟರ್ ಬಿಚ್ಚಿ ನನ್ನ ಮುಂದೆ ಹಿಡಿಯುತ್ತಿದ್ದಳು, ದಾರ ಮಾತ್ರ ಬಿಡುತ್ತಿರಲಿಲ್ಲ.

"ನೀವೇ ಇಡಿ ಅತ್ತೆ. ನಂಗೆ ಕೈ ಬರಲ್ಲ."

ನಾನು ಇಡುತ್ತಿದ್ದೆ. ಸುಳ್ಳು ಹೇಳುವ ಯಂತ್ರವನ್ನು ಮೊಮ್ಮಗಳ ಕಂಕುಳಲ್ಲಿಟ್ಟು, ತೋಳು ಒತ್ತಿ ಹಿಡಿದು, ಸುಳ್ಳು ಅಂಕಿ ಓದಿ ಹೇಳುತ್ತಿದ್ದೆ. ತೊಂಬತ್ತೇಳು. ತೊಂಬತ್ತಾರು ಪಾಯಿಂಟ್ ಎಂಟು. ಮನಸ್ಸಿನಲ್ಲೇ ಎರಡು ಕೂಡಿಸಿ ನೋಡಿಕೊಳ್ಳುತ್ತಿದ್ದೆ. ಇನ್ನೇನು ಹೇಳಿಬಿಡಬೇಕು ಎಂದು ಬಾಯಿ ತನಕ ಬರುತ್ತಿತ್ತು. ದಿನ ಹೋದಷ್ಟೂ ಹೇಳಬೇಕಾದದ್ದು ದೊಡ್ಡದಾಗುತ್ತಿತ್ತು. ಮೊದಲ ದಿನ ಒಂದು ತಪ್ಪು ಹೇಳಿದರೆ ಸಾಕಿತ್ತು, ಈಗ ಇಪ್ಪತ್ತು ದಿನದ ಮೌನವನ್ನೂ ಸೇರಿಸಿ ಹೇಳಬೇಕಿತ್ತು.

ಭಾನುವಾರ ಬೆಳಿಗ್ಗೆ ಎಲ್ಲರೂ ಮನೆಯಲ್ಲಿದ್ದೆವು. ತರಲೆ ಹಾಲಿನ ಲೋಟ ಅತ್ತ ಸರಿಸಿದಳು.

"ಯಾಕೆ ಬಂಗಾರ?"

"ಸಾಕು."

ಸೊಸೆ ಥರ್ಮಾಮೀಟರ್ ಇಟ್ಟಳು. ತೊಂಬತ್ತೊಂಬತ್ತು ಪಾಯಿಂಟ್ ಮೂರು. ಮುಖ ಬಿಳಿಚಿಕೊಂಡಿತು. "ಅತ್ತೆ, ನೀವು ನೋಡಿ." ನಾನಿಟ್ಟೆ. ಅದೇ ಪಾಯಿಂಟ್ ಮೂರು. ಅವಳು ಉಸಿರು ಬಿಟ್ಟು ನಕ್ಕಳು. ಎಷ್ಟೋ ದಿನದ ಮೇಲೆ ನಕ್ಕಿದ್ದಳು.

"ಸದ್ಯ, ಇಬ್ರಿಗೂ ಒಂದೇ ಬಂತು. ನಾನು ಸರಿಯಾಗೇ ಹಿಡಿದಿದ್ದೀನಿ ಅಲ್ವಾ ಅತ್ತೆ?"

ನಾನು ಮಗುವಿನ ಕತ್ತಿನ ಹಿಂದೆ ಕೈಯಿಟ್ಟೆ. ಅಂಗೈ ಕಾದ ಹೆಂಚಿಗೆ ಇಟ್ಟಂತಾಯಿತು.

"ಸರಿ ಇಲ್ಲ" ಎಂದೆ. "ಏಳು. ಆಸ್ಪತ್ರೆಗೆ ನಡಿ."

"ನೂರೂ ಆಗಿಲ್ಲವಲ್ಲ ಅತ್ತೆ?"

"ಆಗಿದೆ. ನನ್ನ ಕೈ ಹೇಳ್ತಿದೆ. ಏಳು ಅಂದ್ರೆ!"

ಮಗ ಗದರಿದ. "ಏನಮ್ಮಾ ನೀನು, ಕಣ್ಣೆದುರಿಗೆ ನಂಬರ್ ಇದೆಯಲ್ಲ."

ಅಷ್ಟರಲ್ಲಿ ನಮ್ಮವರು ಮುಂದಿನ ಕೋಣೆಯಿಂದ ಹೊಸದನ್ನು ಹಿಡಿದು ಬಂದರು. ಕವರು ಹರಿದು, ತಾವೇ ಬಗ್ಗಿ ಮಗುವಿನ ಕಂಕುಳಲ್ಲಿಟ್ಟರು. ನೂರಾ ಒಂದು.

"ಅದು ಕೆಟ್ಟಿದೆ" ಎಂದರು ಅವರು, ಸೊಸೆಯ ಕೊರಳು ತೋರಿಸಿ. "ಕೆಡಿಸಿದ್ದು ನಾನು. ಕೈಜಾರಿ ನೀರಿಗೆ ಬಿತ್ತು. ಯಾರಿಗೂ ಹೇಳದೆ ಬೆಸೆದು ಡಬ್ಬಿಗೆ ಹಾಕಿಟ್ಟೆ. ಅವತ್ತೂ ಅದೇ ತಪ್ಪು ತೋರಿಸಿದ್ದು. ನಿನ್ನ ಕೈದೇನೂ ತಪ್ಪಿಲ್ಲಮ್ಮ."

ಮಗ ಎದ್ದು ನಿಂತ. "ಅಪ್ಪಾ!"

"ನಿಮ್ಮಮ್ಮನಿಗೂ ಗೊತ್ತಿಲ್ಲ. ಬೈಯೋದನ್ನ ಆಮೇಲೆ ಬೈಯೋ, ಮೊದಲು ಆಟೋ ಕರಿ."

ಸೊಸೆ ದಾರವನ್ನು ಕೊರಳಿಂದ ತೆಗೆದು ನೆಲದ ಮೇಲಿಟ್ಟು ಮಗುವನ್ನು ಎತ್ತಿಕೊಂಡಳು.

ಮುಕ್ಕಾಲು ಗಂಟೆಯೊಳಗೆ ಔಷಧಿ ಹನಿಹನಿಯಾಗಿ ಇಳಿಯತೊಡಗಿತ್ತು. ಸಂಜೆಗೆ ಜ್ವರ ಇಳಿಮುಖ. "ಈ ಸಲ ಸಮಯಕ್ಕೆ ಬಂದ್ರಿ" ಎಂದು ಡಾಕ್ಟರಮ್ಮ ಬೆನ್ನು ತಟ್ಟಿದರು. ಸೊಸೆ ನನ್ನ ಕೈ ಹಿಡಿದು ಮುಂದಕ್ಕೆಳೆದಳು.

"ನಮ್ಮತ್ತೆ ಡಾಕ್ಟ್ರೇ. ಯಂತ್ರ ಜ್ವರ ಇಲ್ಲ ಅಂದ್ರೂ ಕೈ ಇಟ್ಟು ಕಂಡುಹಿಡಿದ್ರು."

"ಇಂಥ ಅಜ್ಜಿ ಪ್ರತಿ ಮನೇಲೂ ಇರಬೇಕು" ಎಂದರು ಡಾಕ್ಟರಮ್ಮ. ವಾರ್ಡಿನ ನಾಲ್ಕೈದು ತಾಯಂದಿರು ನನ್ನ ಕಡೆ ತಿರುಗಿ ನೋಡಿದರು. ಒಬ್ಬಳು ಎದ್ದು ಕೂರಲು ಜಾಗ ಕೊಟ್ಟಳು. ಭೂಮಿ ಬಾಯಿಬಿಟ್ಟು ನುಂಗಬಾರದೇ ಎನ್ನುತ್ತಾರಲ್ಲ, ಅದು ಬರಿಯ ಮಾತಲ್ಲ ಎಂದು ಅವತ್ತು ತಿಳಿಯಿತು. ಆದರೂ ಕೂತೆ. ಸೊಸೆ ತಂದುಕೊಟ್ಟ ಚಹವನ್ನೂ ಕುಡಿದೆ.

ಅಂದು ಮನೆಗೆ ಬಂದು ನಮ್ಮವರನ್ನು ಕೇಳಿದೆ. "ಯಾಕ್ರೀ ಹಂಗಂದ್ರಿ? ಬೇಯಿಸಿದವಳು ನಾನು."

"ಇಬ್ರೂ ಬೀದಿಗೆ ಬಿದ್ರೆ ಮಗೂನ ನೋಡೋರು ಯಾರೇ? ನೀನೊಬ್ಬಳಾದ್ರೂ ಅಡುಗೆಮನೇಲಿರು. ನಂದೇನು, ಹೆಂಗೂ ಹೊರಗಿನ ಕೋಣೆಯವನು."

"ಯಾವತ್ತಾದ್ರೂ ಗೊತ್ತಾದ್ರೆ?"

"ಹೇಳೋದು ಬಿಡೋದು ನಿನಗೆ ಬಿಟ್ಟಿದ್ದು. ಸುಮ್ನಿರಿ ಅಂತ ನಾನಂತೂ ಹೇಳಲ್ಲ" ಎಂದರು.

ಮಗು ವಾರಕ್ಕೆ ಮನೆಗೆ ಬಂತು. ಮಗ ಅಪ್ಪನ ಜೊತೆ ಮಾತು ಬಿಟ್ಟಿದ್ದ. ಅಪ್ಪ ಬಂದರೆ ಎದ್ದು ಹೋಗುತ್ತಿದ್ದ. ನಮ್ಮವರು ತಾವೇ ತಟ್ಟೆ ತೆಗೆದುಕೊಂಡು ಹೋಗಿ ಮೇಜಿನ ಮುಂದೆ ಉಣ್ಣತೊಡಗಿದರು. ರಿಪೇರಿಗೆ ಬಂದವರನ್ನು "ಕಣ್ಣು ಸರಿ ಕಾಣಲ್ಲಪ್ಪ" ಎಂದು ವಾಪಸು ಕಳಿಸಿದರು. ಕಣ್ಣಿಗೇನೂ ಆಗಿರಲಿಲ್ಲ. ತರಲೆ ಎರಡು ಸಲ ಅವರ ಹತ್ತಿರ ಹೋದಳು, ಎರಡು ಸಲವೂ ಮಗ ಎತ್ತಿಕೊಂಡು ಬಂದ.

"ಅಮ್ಮನಿಗೆ ಗೊತ್ತಿದ್ದಿದ್ರೆ ಅವತ್ತೇ ಹೇಳ್ತಿದ್ಲು" ಎಂದು ಹೆಂಡತಿಯ ಹತ್ತಿರ ಹೇಳುತ್ತಿದ್ದ. ಅವಳ ಕ್ಷಮೆಯನ್ನೂ ಕೇಳಿದ. ಅವಳು ರಾಜೀನಾಮೆಯ ಕಾಗದವನ್ನು ಹರಿದು ಒಲೆಗೆ ಹಾಕಿದಳು.

ಡ್ಯೂಟಿಗೆ ಮರಳುವ ಹಿಂದಿನ ಸಂಜೆ ಬಿಸಿ ಅನ್ನ ಬಡಿಸುತ್ತ, ಎಲ್ಲರಿಗಿಂತ ಮೊದಲು ನನ್ನ ಮುಂದೆ ತಟ್ಟೆಯಿಟ್ಟಳು. ಬೇಳೆಯ ಮೇಲೆ ಒಂದು ಚಮಚ ತುಪ್ಪವನ್ನೂ ಹಾಕಿದಳು.

"ನೀವಿದ್ದೀರಿ ಅನ್ನೋ ಧೈರ್ಯದ ಮೇಲೆ ನಾಳೆ ಹೋಗ್ತಿದ್ದೀನಿ ಅತ್ತೆ" ಎಂದಳು. "ನಿಮ್ಮ ಬಾಯಿ ಜೋರು ಅಂತ ಎಷ್ಟೋ ಸಲ ಬೇಜಾರಾಗಿದೆ, ಸುಳ್ಳು ಯಾಕೆ ಹೇಳ್ಲಿ. ಆದ್ರೆ ನಿಮ್ಮ ಹೊಟ್ಟೇಲಿ ಒಂದು, ಬಾಯಲ್ಲಿ ಒಂದು ಇಲ್ಲ. ಮಾವನ ಕೈಗೆ ಮಾತ್ರ ಮಗೂನ ಕೊಡಬೇಡಿ."

"ತಾತ ಯಾಕೆ ಹೊರಗೆ ಊಟ ಮಾಡ್ತಾರೆ?" ಎಂದಳು ತರಲೆ.

"ನೀನು ತಿನ್ನು" ಎಂದ ಮಗ.

ತುತ್ತನ್ನು ತಟ್ಟೆಗೇ ಹಾಕಿದೆ.

"ನೀರಿಗೆ ಬಿದ್ದಿದ್ದಲ್ಲ ಅದು" ಎಂದೆ. "ಚಮಚದ ಜೊತೆ ಕುದಿಯೋ ನೀರಿಗೆ ಹಾಕಿದವಳು ನಾನು. ನಿನ್ನ ಮುಂದೆ ಸಣ್ಣವಳಾಗ್ತೀನಿ ಅಂತ ನಿಮ್ಮ ಮಾವನ ಕೈಲಿ ಕದ್ದು ಬೆಸೆಸಿದೆ. ಹೇಳಿಬಿಡೋಣ ಅಂದ್ರು ಅವ್ರು, ಸುಮ್ನಿರಿ ಅಂದವಳೂ ನಾನೇ."

ಮಗ ತಟ್ಟೆ ತಳ್ಳಿ, "ಏನಂದೆ?" ಎಂದ. ಸೊಸೆ ಅವನ ಕಡೆ ಕೈ ಎತ್ತಿ ತಡೆದಳು. ಕಣ್ಣು ನನ್ನ ಮೇಲಿಂದ ತೆಗೆಯಲಿಲ್ಲ.

"ಒಂದೇ ಕೇಳ್ತೀನಿ ಅತ್ತೆ. ಅವತ್ತು ಆಸ್ಪತ್ರೆ ಮೆಟ್ಟಿಲ ಮೇಲೆ, ಹೆತ್ತ ತಾಯಿಗೆ ತಿಳಿಯಲ್ವಾ ಅಂದ್ರಲ್ಲ. ಅನ್ನೋವಾಗ ನಿಮಗೆ ಗೊತ್ತಿತ್ತಾ?"

ಗೊತ್ತಿರಲಿಲ್ಲ, ಆಮೇಲೆ ಅನುಮಾನ ಬಂತು ಎನ್ನಬಹುದಿತ್ತು. ಯಾರೂ ಅಳೆದು ನೋಡುವಂಥದ್ದಲ್ಲ.

"ಗೊತ್ತಿತ್ತು" ಎಂದೆ.

ಅವಳು ಎದ್ದು ಮುಂದಿನ ಕೋಣೆಗೆ ಹೋಗಿ, "ಮಾವ, ಒಳಗೆ ಬನ್ನಿ, ಅನ್ನ ಆರ್ತಿದೆ" ಎಂದು ಕರೆದಳು. ಅವರು ತಟ್ಟೆ ಹಿಡಿದು ಬಾಗಿಲಲ್ಲಿ ನಿಂತರು, ನನ್ನ ಮುಖ ನೋಡಿ ಎಲ್ಲ ತಿಳಿದುಕೊಂಡು ಮಗುವಿನ ಪಕ್ಕ ಕೂತರು. ಸೊಸೆ ಅವರಿಗೆ ಬಡಿಸಿದಳು, ಮಗುವಿನ ಬಾಯಿ ಒರೆಸಿದಳು, ನನ್ನ ಲೋಟಕ್ಕೆ ನೀರನ್ನೂ ಹಾಕಿದಳು.

"ನನ್ನನ್ನ ಕ್ಷ..." ಎಂದು ಶುರುಮಾಡಿದೆ.

"ಅದೊಂದು ಬೇಡ ಅತ್ತೆ" ಎಂದಳು. "ಬೆಳಿಗ್ಗೆ ಐದೂವರೆಗೆ ನನ್ನ ಡ್ಯೂಟಿ. ಏಳಕ್ಕೆ ಮಾತ್ರೆ, ಎಂಟಕ್ಕೆ ಜ್ವರ ನೋಡಿ ಫೋನ್ ಮಾಡಬೇಕು. ನೀವೇ ನೋಡ್ಬೇಕು. ನಂಗೆ ಬೇರೆ ಯಾರಿದ್ದಾರೆ?"